ಹೊಲಿಗೆ ಕಲಿತವರು ಮತ್ತೆ ನಮ್ಮ ಬಾಗಿಲಿಗೇ ಬರುತ್ತಿದ್ದಾರೆ: ಕಲಿಸುವುದರಲ್ಲಿ ನಾವು ಎಲ್ಲಿ ತಪ್ಪಿದ್ದೇವೆ?

ಪ್ರಶ್ನೆ
ಹೊಲಿಗೆ ಟೀಚರ್, ಮಂಡ್ಯ

ಎಲ್ಲರಿಗೂ ವಂದನೆಗಳು. ಮಂಡ್ಯದ ಅಂಚಿಗೆ ಸೇರಿಕೊಂಡಿರುವ ಒಂದು ಹಳ್ಳಿಯಲ್ಲಿ ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ವತಿಯಿಂದ ನಾಲ್ಕು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಹೊಲಿಗೆ ತರಗತಿ ನಡೆಸುತ್ತಿದ್ದೇವೆ. ಭಾನುವಾರದ ಆರಾಧನೆಯ ಹೊರತು ವಾರವಿಡೀ ಬೀಗ ಹಾಕಿರುತ್ತಿದ್ದ ಸಭಾಭವನದ ಪಕ್ಕದ ಕೊಠಡಿಯಲ್ಲಿ ಆರು ಯಂತ್ರಗಳನ್ನಿಟ್ಟುಕೊಂಡು, ಆರು ತಿಂಗಳಿಗೆ ಒಂದು ತಂಡದಂತೆ, ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ ನಾನೊಬ್ಬಳೇ ಕಲಿಸುತ್ತಿದ್ದೇನೆ. ಇದುವರೆಗೆ 47 ಜನ ಕಲಿತು ಹೋಗಿದ್ದಾರೆ. ಅವರಲ್ಲಿ ಕ್ರೈಸ್ತರು ಹತ್ತು ಹನ್ನೆರಡು ಮಂದಿ ಮಾತ್ರ. ಉಳಿದವರೆಲ್ಲ ಊರಿನ ಬೇರೆ ಬೇರೆ ಮನೆಗಳವರು.

ಕಳೆದ ತಿಂಗಳು ಒಂದು ನೋಟ್‌ಬುಕ್ ಹಿಡಿದುಕೊಂಡು, ಕಲಿತು ಹೋದವರ ಮನೆಗಳಿಗೆ ಒಂದೊಂದಾಗಿ ಹೋಗಿ ಬಂದೆ. ಹೊಲಿಗೆಯಿಂದ ತಿಂಗಳಿಗೆ ಹೇಳಿಕೊಳ್ಳುವಷ್ಟು ದುಡಿಯುತ್ತಿರುವವರು ಐದೇ ಜನ. ಪ್ರತಿ ವರ್ಷ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ದಾನಿಗಳನ್ನು ಕರೆಸಿ, ಫೋಟೊ ತೆಗೆಸಿ ಉಚಿತವಾಗಿ ಕೊಟ್ಟ ಯಂತ್ರಗಳಲ್ಲಿ ಹೆಚ್ಚಿನವು ಹಳೆಯ ಸೀರೆ ಹೊದ್ದುಕೊಂಡು ಗೋಡೆಗೆ ಆತುಕೊಂಡಿವೆ. ಒಂದರ ಮೇಲೆ ಅಕ್ಕಿ ಮೂಟೆ ಇತ್ತು. ಇಬ್ಬರು ವಾರದ ಸಾಲದ ಕಂತು ಕಟ್ಟಲಾಗದೆ ಯಂತ್ರವನ್ನೇ ಮಾರಿದ್ದಾರೆ. ಬಹಳ ಜನ ಬೆಳಗ್ಗೆ ಏಳಕ್ಕೆ ಬರುವ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಾರೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆ ಸಂಬಳದಿಂದಲೇ ಅವರ ಮಕ್ಕಳು ಓದುತ್ತಿದ್ದಾರೆ. ಆದರೆ ಅದಕ್ಕೆ ನಮ್ಮ ಆರು ತಿಂಗಳ ತರಗತಿ ಬೇಕಿರಲಿಲ್ಲ.

ನನಗೆ ಹೆಚ್ಚು ನೋವಾಗಿರುವುದು ಇನ್ನೊಂದು ವಿಷಯ. ಮನೆಯಲ್ಲಿ ಹೊಲಿಯುತ್ತಿರುವವರೂ ಲೈನಿಂಗ್ ಬ್ಲೌಸ್ ಬಂದರೆ ಬಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಓಡಿ ಬರುತ್ತಾರೆ. ನಾನು ಕಟಿಂಗ್ ಮಾಡಿಕೊಡುತ್ತೇನೆ, ಅವರು ಒಯ್ದು ಹೊಲಿಯುತ್ತಾರೆ. ಕಂಕುಳಲ್ಲಿ ಬಿಗಿಯಾಯಿತೆಂದು ಗಿರಾಕಿ ಬೈದರೆ ಅದನ್ನು ಬಿಚ್ಚಿ ಸರಿಮಾಡುವವಳೂ ನಾನೇ. ನನಗೆ ಜ್ವರ ಬಂದು ಹತ್ತು ದಿನ ಮಲಗಿದ್ದಾಗ ನಾಲ್ಕು ಮನೆಗಳಲ್ಲಿ ಕೆಲಸ ನಿಂತಿತ್ತು. ಮೊದಮೊದಲು ಇದನ್ನು ಅವರ ಪ್ರೀತಿಯೆಂದು ಸಂತೋಷಪಟ್ಟಿದ್ದೆ. ಈಗ ನೋಡಿದರೆ, ಬಡತನದ ಹಂಗಿನಿಂದ ಬಿಡಿಸಲು ಹೋದವಳು ನನ್ನ ಹಂಗಿನಲ್ಲಿ ಅವರನ್ನು ಇರಿಸಿಕೊಂಡಿದ್ದೇನೆ ಎನ್ನಿಸುತ್ತಿದೆ.

ಸಭೆಯ ಕಮಿಟಿಯಲ್ಲಿಯೂ ಎರಡು ಮಾತುಗಳಿವೆ. ಇಷ್ಟು ಜನರಿಗೆ ಕಲಿಸಿದರೂ ಒಬ್ಬರೂ ಆರಾಧನೆಗೆ ಬರಲಿಲ್ಲ, ಹಾಗಾದರೆ ಇದು ಸಭೆಯ ಕೆಲಸ ಹೇಗಾಯಿತು ಎಂದು ಕೆಲವರು ಕೇಳುತ್ತಾರೆ. ಹೊಲಿಗೆ ಹೊಲಿಗೆಯೇ, ತರಗತಿಯ ಮೊದಲಿನ ಪ್ರಾರ್ಥನೆಯನ್ನೂ ಬಿಟ್ಟುಬಿಡೋಣ ಎಂದು ಮತ್ತೆ ಕೆಲವರು ಹೇಳುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ನಾನು ಈ ಕೆಲಸಕ್ಕೆ ಇಳಿದದ್ದು ಯೇಸುಸ್ವಾಮಿಯ ಮೇಲಿನ ನಂಬಿಕೆಯಿಂದಲೇ. ಅದನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರಲು ನನ್ನಿಂದಾಗದು. ಆದರೆ ಸೂಜಿ ದಾರವನ್ನು ತೋರಿಸಿ ಯಾರನ್ನೂ ಸಭೆಗೆ ಎಳೆಯುವುದೂ ನನಗೆ ಬೇಡ.

ಮುಂದಿನ ತಂಡ ಜೂನ್‌ನಲ್ಲಿ ಸೇರಬೇಕು. ಅದಕ್ಕೆ ಮೊದಲು ಕಲಿಸುವ ಕ್ರಮವನ್ನೇ ಬದಲಿಸಬೇಕೆಂದಿದ್ದೇನೆ. ಕಲಿತವರು ನಮ್ಮನ್ನು ಮರೆತು ಬದುಕುವಂತೆ ಕಲಿಸುವುದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿರಿ.


ಉತ್ತರ 1
ನಿವೃತ್ತ ಮೇಷ್ಟ್ರು, ಮೈಸೂರು

ಟೀಚರ್ ಅವರೇ, ಮನೆಮನೆಗೆ ಹೋಗಿ ಲೆಕ್ಕ ನೋಡಿದಿರಲ್ಲ, ಆ ಧೈರ್ಯಕ್ಕೆ ಮೊದಲು ನನ್ನ ನಮಸ್ಕಾರ. ಹೆಚ್ಚಿನವರು ಎಷ್ಟು ಜನ ಸೇರಿದರು ಎಂದು ವರದಿ ಬರೆಯುತ್ತಾರೆ. ಸೇರಿದವರು ಏನಾದರು ಎಂದು ನೋಡಲು ಹೋಗುವುದಿಲ್ಲ.

ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಮಾತಿನಲ್ಲಿಯೇ ಇದೆ. ಅವರು ಹೊಲಿಯುತ್ತಾರೆ, ಕಟಿಂಗ್ ನೀವು ಮಾಡಿಕೊಡುತ್ತೀರಿ. ಅಂದರೆ ಕೈಕೆಲಸವನ್ನು ಅವರಿಗೆ ಕೊಟ್ಟು ವಿದ್ಯೆಯನ್ನು ನೀವು ಇಟ್ಟುಕೊಂಡಿದ್ದೀರಿ. ಬೇಕೆಂದು ಹಾಗೆ ಮಾಡಿದಿರಿ ಎಂದು ನಾನು ಹೇಳುತ್ತಿಲ್ಲ. 34 ವರ್ಷ ಗಣಿತ ಪಾಠ ಮಾಡಿದ ನಾನೂ ಮೊದಲ ಹತ್ತು ವರ್ಷ ಇದನ್ನೇ ಮಾಡಿದೆ. ಬೋರ್ಡಿನ ಮೇಲೆ ಲೆಕ್ಕವನ್ನು ಅಚ್ಚುಕಟ್ಟಾಗಿ ಬಿಡಿಸುತ್ತಿದ್ದೆ, ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು, ಎಲ್ಲರಿಗೂ ಅರ್ಥವಾಗಿದೆ ಎಂದು ಎಲ್ಲರೂ ನಂಬಿರುತ್ತಿದ್ದೆವು. ಪರೀಕ್ಷೆಯಲ್ಲಿ ಸಂಖ್ಯೆ ಬದಲಾದರೆ ಅವರ ಪೆನ್ನು ನಿಲ್ಲುತ್ತಿತ್ತು. ಒಮ್ಮೆ ಗಂಟಲು ಕಟ್ಟಿಕೊಂಡು ಮಾತು ಹೊರಡದೆ ಹೋದಾಗ, ಬೇರೆ ದಾರಿಯಿಲ್ಲದೆ ಸೀಮೆಸುಣ್ಣವನ್ನು ಹಿಂದಿನ ಬೆಂಚಿನ ಹುಡುಗನ ಕೈಗೆ ಕೊಟ್ಟೆ. ಅವನು ತಪ್ಪಾಗಿ ಬಿಡಿಸಿದ, ತರಗತಿಯವರು ತಿದ್ದಿದರು, ಒಂದು ಲೆಕ್ಕಕ್ಕೆ ಇಡೀ ಪೀರಿಯಡ್ಡು ಹೋಯಿತು. ಆದರೆ ಆ ಲೆಕ್ಕವನ್ನು ಅವರಲ್ಲಿ ಯಾರೂ ಮರೆಯಲಿಲ್ಲ. ಅಂದಿನಿಂದ ನಾನು ಕುರ್ಚಿಯನ್ನು ಹಿಂದಿನ ಗೋಡೆಗೆ ಹಾಕಿಕೊಂಡೆ. ಸುಮ್ಮನೆ ಕುಳಿತು ತಪ್ಪನ್ನು ನೋಡುವುದು ಪಾಠ ಮಾಡುವುದಕ್ಕಿಂತ ಎಷ್ಟು ಕಷ್ಟ ಎಂಬುದು ಆಗ ತಿಳಿಯಿತು.

ಈ ವಿಷಯ ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಬೈಬಲಿನ ಎರಡನೆಯ ಅರಸುಗಳ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿರುವ ವಿಧವೆಯ ಕಥೆ. ನಿಮ್ಮ ಊರಿನ ವಾರದ ಕಂತಿನ ಕಥೆಗೂ ಅದಕ್ಕೂ ದೂರವಿಲ್ಲ. ಗಂಡ ಸತ್ತಿದ್ದಾನೆ, ಸಾಲ ಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಹಿಡಿದುಕೊಂಡು ಹೋಗಲು ಬಂದಿದ್ದಾನೆ. ಆಕೆ ಪ್ರವಾದಿ ಎಲೀಷನ ಬಳಿ ಹೋಗಿ ಗೋಳಿಟ್ಟಾಗ ಅವನು ಹಣದ ಚೀಲ ಬಿಚ್ಚುವುದಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳುತ್ತಾನೆ. ಒಂದು ಮೊಗೆ ಎಣ್ಣೆಯ ಹೊರತು ಏನೂ ಇಲ್ಲ ಎಂದು ಆಕೆ ಹೇಳುತ್ತಾಳೆ. ಹಾಗಾದರೆ ನೆರೆಹೊರೆಯವರಿಂದ ಬರಿಯ ಪಾತ್ರೆಗಳನ್ನು ಕೇಳಿ ತಂದು, ಮಕ್ಕಳೊಡನೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಎಣ್ಣೆ ಹೊಯ್ಯಿ ಎನ್ನುತ್ತಾನೆ. ನಾನು ಭಾನುವಾರದ ಶಾಲೆಯಲ್ಲಿ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದರೂ ಒಂದು ಸಂಗತಿಯನ್ನು ಬಹಳ ತಡವಾಗಿ ಗಮನಿಸಿದೆ. ಎಣ್ಣೆ ಉಕ್ಕುವಾಗ ಎಲೀಷನು ಆ ಕೋಣೆಯಲ್ಲಿ ಇಲ್ಲ. ಬಾಗಿಲು ಮುಚ್ಚಿದೆ. ಹೊಯ್ಯುವ ಕೈ ಆಕೆಯದು, ಪಾತ್ರೆ ತಂದುಕೊಡುವವರು ಆಕೆಯ ಮಕ್ಕಳು, ಪಾತ್ರೆಗಳು ಊರಿನವರವು. ಎಲ್ಲ ಮುಗಿದ ಮೇಲೆ ಆಕೆ ಬಂದು ತಿಳಿಸಿದಾಗ, ಎಣ್ಣೆಯನ್ನು ಮಾರಿ ಸಾಲ ತೀರಿಸಿ ಉಳಿದದ್ದರಲ್ಲಿ ಬದುಕಿರಿ ಎಂದಷ್ಟೇ ಹೇಳುತ್ತಾನೆ. ಅದ್ಭುತದ ಹೊತ್ತಿನಲ್ಲಿಯೂ ದೇವರ ಮನುಷ್ಯನು ಬಾಗಿಲಿನ ಹೊರಗೆ ಉಳಿಯಬಲ್ಲವನಾಗಿದ್ದ. ನಿಮ್ಮ ನಂಬಿಕೆಯನ್ನು ಚಪ್ಪಲಿಯ ಜೊತೆ ಬಿಡಬೇಕಾಗಿಲ್ಲ, ಟೀಚರ್. ಅದು ನಿಮಗೆ ಬೇಕಾಗುವುದು ಆ ಬಾಗಿಲಿನ ಹೊರಗೆ ಕಾಯುವಾಗ.

ಇನ್ನೊಂದು ಮಾತು. ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ತನ್ನಿಂದ ಕೇಳಿದ್ದನ್ನು ಮತ್ತೊಬ್ಬರಿಗೆ ಬೋಧಿಸಬಲ್ಲ ನಂಬಿಗಸ್ತರಿಗೆ ಒಪ್ಪಿಸು ಎನ್ನುತ್ತಾನೆ. ಪೌಲ, ತಿಮೊಥೆಯ, ಆ ನಂಬಿಗಸ್ತರು, ಅವರಿಂದ ಕಲಿಯುವವರು ಎಂದು ನಾಲ್ಕು ತಲೆಮಾರು ಒಂದೇ ವಾಕ್ಯದಲ್ಲಿವೆ. ನಮ್ಮ ಮೈಸೂರಿನಲ್ಲಿ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದರೆ 1906ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದು ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹೊರದೇಶದಿಂದ ಬಂದವರು ಹೋದ ಮೇಲೂ ನಡೆಯುತ್ತಿರುವುದು ಇಲ್ಲಿನ ಹೆಣ್ಣುಮಕ್ಕಳಿಗೆ ನರ್ಸಿಂಗ್ ಕಲಿಸಿದ್ದರಿಂದ. ನನ್ನ ಸೋದರತ್ತೆ ಅಲ್ಲಿ ಕಲಿತವರು. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ತಾವು ಕಲಿತ ಮಾರನೆಯ ವಾರವೇ ಹೊಸಬಳಿಗೆ ಹೇಳಿಕೊಡಬೇಕಾಗಿತ್ತೆಂದೂ, ಹೇಳಿಕೊಡುವ ಭಯಕ್ಕೆ ರಾತ್ರಿ ತಲೆದಿಂಬಿಗೆ ಪಟ್ಟಿ ಕಟ್ಟಿ ಅಭ್ಯಾಸ ಮಾಡುತ್ತಿದ್ದರೆಂದೂ ಅವರು ಹೇಳುತ್ತಿದ್ದರು. ನಿಮ್ಮ 47 ಜನರಲ್ಲಿ ಯಾರಾದರೂ ಇನ್ನೊಬ್ಬರಿಗೆ ಕಲಿಸಿದ್ದಾರೆಯೇ? ಇಲ್ಲವಾದರೆ ಮುಂದಿನ ತಂಡದ ಮೊದಲ ಎರಡು ತಿಂಗಳನ್ನು ಆ ಐದು ಜನರಿಗೆ ಒಪ್ಪಿಸಿರಿ. ನೀವು ಕುರ್ಚಿಯನ್ನು ಹಿಂದಕ್ಕೆ ಹಾಕಿಕೊಳ್ಳಿರಿ.


ಉತ್ತರ 2
ಟೈಲರ್ ಅಂಗಡಿ, ಶ್ರೀರಂಗಪಟ್ಟಣ

ಟೀಚರ್, ನಾನು ಕ್ರೈಸ್ತಳಲ್ಲ, ನಮ್ಮದು ಮಲೆ ಮಹದೇಶ್ವರನ ಒಕ್ಕಲು. ಆದರೆ ನಾನು ಹೊಲಿಗೆ ಕಲಿತದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೈಸೂರಿನಲ್ಲಿ ಒಬ್ಬ ಸಿಸ್ಟರ್ ಬಳಿ. ಈಗ ಪೇಟೆ ಬೀದಿಯಲ್ಲಿ ನನ್ನದೇ ಅಂಗಡಿ ಇದೆ, ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ. ಮೇಷ್ಟ್ರು ಬರೆದದ್ದನ್ನು ಓದಿದ ಮೇಲೆ ಕೆಲವು ಮಾತು ಸೇರಿಸಬೇಕೆನ್ನಿಸಿತು.

ಕಟಿಂಗ್ ಕಲಿಸಿದರೂ ಸಾಲದು. ಬ್ಲೌಸ್ ಹೊಲಿಯಲು ಬರುವವರು ಪ್ರತಿ ಬೀದಿಯಲ್ಲಿ ಮೂವರಿದ್ದಾರೆ. ಅಂಗಡಿ ನಡೆಸಲು ಬರುವವರು ಕಡಿಮೆ. ಸಿಸ್ಟರ್ ನಮಗೆ ದಾರ, ಹುಕ್ಕು, ಲೈನಿಂಗ್ ಬಟ್ಟೆ ಯಾವುದನ್ನೂ ತಂದುಕೊಡುತ್ತಿರಲಿಲ್ಲ. ಕೈಗೆ ನೂರು ರೂಪಾಯಿ ಕೊಟ್ಟು, ದೇವರಾಜ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಿಗೆ ನಮ್ಮನ್ನೇ ಕಳುಹಿಸಿ, ಮೂರು ಕಡೆ ದರ ಕೇಳಿ ಚೀಟಿಯಲ್ಲಿ ಬರೆದು ತರಲು ಹೇಳುತ್ತಿದ್ದರು. ಮೊದಲ ದಿನ ಅಂಗಡಿಯವನ ಮುಂದೆ ನನಗೆ ಮಾತೇ ಬರಲಿಲ್ಲ. ಆರು ತಿಂಗಳಲ್ಲಿ ನನ್ನ ಬಾಯಿ ಬಿಟ್ಟಿತು. ಹೊಲಿಗೆಗಿಂತ ಆ ಬಾಯಿಯೇ ನನ್ನನ್ನು ಇಂದಿನವರೆಗೆ ಕಾಪಾಡಿರುವುದು.

ಇನ್ನೊಂದು ದಿನ ಒಬ್ಬರ ರೇಷ್ಮೆ ಬ್ಲೌಸಿನ ತೋಳನ್ನು ಅಡ್ಡ ಕತ್ತರಿಸಿಬಿಟ್ಟೆ. ಸಿಸ್ಟರ್ ಸರಿಮಾಡಿ ಕೊಡುತ್ತಾರೆ ಎಂದುಕೊಂಡೆ. ಅವರು ಬಟ್ಟೆಯನ್ನು ನೋಡಿ, ಇದನ್ನು ಸರಿಮಾಡುವ ದಾರಿ ನಿನಗೂ ಗೊತ್ತಿದೆ, ಮೊದಲು ಆ ಅಮ್ಮನವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಾ ಎಂದರು. ಜೊತೆಗೆ ಗೇಟಿನವರೆಗೆ ಬಂದರು, ಒಳಗೆ ಬರಲಿಲ್ಲ. ಆ ಅಮ್ಮ ಬೈದರು, ಆಮೇಲೆ ಬಾರ್ಡರಿನ ಬಟ್ಟೆಯಲ್ಲಿ ಜೋಡಣೆ ಕೊಡಲು ಒಪ್ಪಿದರು. ಹೊಲಿಗೆಯ ಕೂಲಿ ನಾನು ತೆಗೆದುಕೊಳ್ಳಲಿಲ್ಲ. ಅವರು ಹದಿನೇಳು ವರ್ಷಗಳಿಂದ ನನ್ನ ಗಿರಾಕಿ. ಟೀಚರ್, ನೀವು ಬಿಚ್ಚಿ ಸರಿಮಾಡಿಕೊಡುವ ಪ್ರತಿ ಬ್ಲೌಸಿನಲ್ಲಿಯೂ ಹೀಗೊಬ್ಬ ಗಿರಾಕಿಯನ್ನು ಅವರಿಂದ ಕಿತ್ತುಕೊಳ್ಳುತ್ತಿದ್ದೀರಿ. ಕೋಪ ಮಾಡಿಕೊಳ್ಳಬೇಡಿ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಕೂಲಿಯ ಲೆಕ್ಕವನ್ನೂ ಕಲಿಸಿರಿ. ನಮ್ಮ ಹೆಣ್ಣುಮಕ್ಕಳು ಪಕ್ಕದ ಮನೆಯವರೆಂದು, ಅತ್ತೆಯ ಕಡೆಯವರೆಂದು ನಾಚಿಕೊಂಡು ಅರ್ಧ ಕೂಲಿಗೆ ಹೊಲಿಯುತ್ತಾರೆ. ದಾರ, ಹುಕ್ಕು, ಕರೆಂಟು, ತಮ್ಮ ನಾಲ್ಕು ಗಂಟೆಯ ಹೊತ್ತು, ಇವೆಲ್ಲ ಸೇರಿದರೆ ಕೈಯಿಂದಲೇ ಹೋಗಿರುತ್ತದೆ. ಬ್ಲೌಸೊಂದನ್ನೇ ನಂಬದೆ ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು ಹಾಕುವುದನ್ನು ಹೇಳಿಕೊಡಿ. ಕುಚ್ಚಿಗೆ ಯಂತ್ರವೇ ಬೇಡ, ಬಾಣಂತನದಲ್ಲಿಯೂ ಕುಳಿತು ಹಾಕಬಹುದು. ಗೌರಿ ಹಬ್ಬಕ್ಕೆ ಮೊದಲು ಮತ್ತು ಮದುವೆಯ ತಿಂಗಳುಗಳಲ್ಲಿ ನಮಗೆ ಕುಚ್ಚು ಹಾಕುವವರು ಸಿಗುವುದಿಲ್ಲ.

ಪ್ರಾರ್ಥನೆಯ ವಿಷಯ. ಸಿಸ್ಟರ್ ತರಗತಿಗೆ ಅರ್ಧ ಗಂಟೆ ಮೊದಲೇ ಬಂದು ಮೂಲೆಯ ಶಿಲುಬೆಯ ಮುಂದೆ ಒಬ್ಬರೇ ಕೂರುತ್ತಿದ್ದರು. ಬರಬೇಕೆಂದು ನಮಗೆ ಹೇಳಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ. ಒಂದು ದಿನ ನಾನೇ ಕೇಳಿದೆ, ಏನು ಬೇಡಿಕೊಳ್ಳುತ್ತೀರಿ ಎಂದು. ಇಲ್ಲಿ ಕಲಿಯುವವರ ಹೆಸರನ್ನು ಒಂದೊಂದಾಗಿ ಹೇಳುತ್ತೇನೆ, ಅಷ್ಟೇ ಎಂದರು. ನಾನು ನನ್ನ ದೇವರನ್ನು ಬಿಡಲಿಲ್ಲ. ಆದರೆ ನನ್ನ ಅಂಗಡಿಯ ಹುಡುಗಿಯರಿಗೆ ನಾನು ಕಟಿಂಗ್ ಮುಚ್ಚಿಡದೆ ಕಲಿಸುತ್ತಿರುವುದು ಆ ಮಾತನ್ನು ಕೇಳಿದ್ದರಿಂದ.


ಹೊಲಿಗೆ ಟೀಚರ್, ಮಂಡ್ಯ

ಮೇಷ್ಟ್ರೇ, ಅಕ್ಕಾ, ಇಬ್ಬರಿಗೂ ಕೃತಜ್ಞತೆಗಳು. ಅಕ್ಕ ಹೇಳಿದ್ದು ನೇರವಾಗಿ ಎದೆಗೆ ತಾಕಿತು, ಕೋಪವಿಲ್ಲ. ನಾನು ಇದುವರೆಗೆ ಯಾರನ್ನೂ ದಾರ ತರಲು ಕಳುಹಿಸಿಲ್ಲ. ಪಾಪ, ಬಿಸಿಲಿನಲ್ಲಿ ಏಕೆ ಅಲೆಯಬೇಕೆಂದು ಎಲ್ಲವನ್ನೂ ನಾನೇ ತಂದಿಡುತ್ತಿದ್ದೆ. ಇನ್ನು ಯಂತ್ರದ ವಿಷಯ. ಉಚಿತವಾಗಿ ಕೊಡುವುದನ್ನು ನಿಲ್ಲಿಸಿದರೆ ಬಡವರಿಂದ ಹಣ ಕೇಳಿದಂತಾಗುತ್ತದೆ ಎಂದು ಸಭೆಯಲ್ಲಿ ಹಲವರಿಗೆ ಸಂಕಟವಿದೆ, ನನಗೂ ಇದೆ. ಕೊಡುವುದು ನಮ್ಮ ಧರ್ಮವಲ್ಲವೇ?


ಉತ್ತರ 3
ಸಹಕಾರ ಸಂಘದ ಮಾಜಿ ಕಾರ್ಯದರ್ಶಿ, ಪಾಂಡವಪುರ

ಸಹೋದರಿ, ನಾನು ಕ್ಯಾಥೊಲಿಕ್ ಧರ್ಮಕೇಂದ್ರವೊಂದರ ಸಮಾಜಸೇವೆಯ ಕೆಲಸದಲ್ಲಿ ಹದಿನೆಂಟು ವರ್ಷ ಇದ್ದು, ಆಮೇಲೆ ಹಾಲಿನ ಸೊಸೈಟಿಯ ಲೆಕ್ಕ ಬರೆದವನು. ಕೊಡುವುದು ಧರ್ಮವೇ. ಏನನ್ನು ಕೊಡಬೇಕು, ಕೊಟ್ಟ ಮೇಲೆ ಅದು ಯಾರ ಕೈಯಲ್ಲಿ ಉಳಿಯಬೇಕು ಎಂಬುದನ್ನು ನಮ್ಮ ಹಿರಿಯರೂ ಕಷ್ಟಪಟ್ಟೇ ಕಲಿತರು.

ಮಂಗಳೂರಿನ ಬಾಸೆಲ್ ಮಿಷನ್ನಿನ ಉದಾಹರಣೆ ನೋಡಿರಿ. ಕ್ರೈಸ್ತರಾದವರು ತಮ್ಮ ಕುಲದ ಕಸುಬನ್ನೂ ನಂಟನ್ನೂ ಗೇಣಿಯ ಭೂಮಿಯನ್ನೂ ಕಳೆದುಕೊಂಡು ಬೀದಿಗೆ ಬಿದ್ದಾಗ, ಅವರಿಗೆ ಅನ್ನದ ದಾರಿ ಮಾಡಲೆಂದು ಮಿಷನ್ನು ಮುದ್ರಣಾಲಯ, ನೇಯ್ಗೆ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಇವುಗಳನ್ನು ನಡೆಸಿತು. ಸಾವಿರಾರು ಕುಟುಂಬಗಳು ಅದರಿಂದ ಬದುಕಿದವು, ಕರಾವಳಿಯ ಮನೆಗಳಿಗೆ ಹಂಚು ಬಂದಿತು. ಅದರ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರಾರ್ಥನೆ ಮಾಡಿಸುವವರೂ ಸಂಬಳ ಕೊಡುವವರೂ ಒಬ್ಬರೇ ಆದರು. ಮೊದಲ ಮಹಾಯುದ್ಧದ ಕಾಲದಲ್ಲಿ, ಜರ್ಮನ್ ಸಂಬಂಧವಿದ್ದ ಕಾರಣಕ್ಕೆ, ಆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಬೇರೆ ಕಂಪನಿಗೆ ಸೇರಿದಾಗ ಕೆಲಸಗಾರರ ಪಾಲಿಗೆ ಮಾಲೀಕ ಬದಲಾದನೇ ಹೊರತು ಅವರು ಮಾಲೀಕರಾಗಲಿಲ್ಲ.

ಇದಕ್ಕೆ ಇನ್ನೊಂದು ಬಗೆಯ ದಾರಿಯನ್ನು ಸ್ಪೇನಿನ ಬಾಸ್ಕ್ ಸೀಮೆಯ ಮೊಂದ್ರಾಗೊನ್ ಊರಿನಲ್ಲಿ ಕಾಣಬಹುದು. 1941ರಲ್ಲಿ, ಅಂತರ್ಯುದ್ಧದ ಗಾಯ ಮಾಯುವ ಮೊದಲು, ಹೋಸೆ ಮರಿಯಾ ಅರಿಸ್ಮೆಂದಿಅರ್ರಿಯೆತಾ ಎಂಬ ಯುವ ಧರ್ಮಗುರುಗಳು ಅಲ್ಲಿಗೆ ಬಂದರು. ಅವರು ಕಾರ್ಖಾನೆ ತೆರೆಯಲಿಲ್ಲ. ಊರಿನವರಿಂದಲೇ ಹಣ ಕೂಡಿಸಿ 1943ರಲ್ಲಿ ಒಂದು ಸಣ್ಣ ತಾಂತ್ರಿಕ ಶಾಲೆ ತೆರೆದರು. ಕಸುಬಿನ ಜೊತೆಗೆ ಲೆಕ್ಕಪತ್ರ, ಸಭೆ ನಡೆಸುವ ಕ್ರಮ, ದುಡಿಮೆಯ ಘನತೆಯನ್ನು ಕುರಿತ ಧರ್ಮಸಭೆಯ ಬೋಧನೆ ಇವುಗಳನ್ನೂ ವರ್ಷಗಟ್ಟಲೆ ಕಲಿಸಿದರು. ಹದಿಮೂರು ವರ್ಷಗಳ ನಂತರ, 1956ರಲ್ಲಿ, ಅಲ್ಲಿ ಕಲಿತ ಐವರು ಸೇರಿ ಒಲೆಗಳನ್ನು ತಯಾರಿಸುವ ಸಹಕಾರಿ ಕಾರ್ಖಾನೆಯನ್ನು ತಾವೇ ಆರಂಭಿಸಿದರು. ದುಡಿಯುವವರೇ ಅದರ ಒಡೆಯರು. 1959ರಲ್ಲಿ ಅವರದೇ ಬ್ಯಾಂಕು ಬಂದಿತು. ಇಂದು ಹತ್ತಾರು ಸಾವಿರ ಜನ ದುಡಿಯುವ ಸಂಸ್ಥೆಗಳ ಸಮೂಹವಾಗಿ ಅದು ಬೆಳೆದಿದೆ. ಗುರುಗಳು ಆ ಕಾರ್ಖಾನೆಗಳಲ್ಲಿ ಅಧಿಕಾರದ ಹುದ್ದೆಯನ್ನು ವಹಿಸಿಕೊಳ್ಳದೆ ಕೊನೆಯವರೆಗೂ ಕಲಿಸುವವರಾಗಿಯೇ ಉಳಿದರು. ನಿಮ್ಮ ಕಮಿಟಿಯವರಿಗೆ ಆ ಹದಿಮೂರು ವರ್ಷಗಳ ಮಾತನ್ನು ಹೇಳಿರಿ. ನಿಮ್ಮ ತರಗತಿಗೆ ಇನ್ನೂ ನಾಲ್ಕೇ ವರ್ಷ.

ಯಂತ್ರವನ್ನು ಉಚಿತವಾಗಿ ಕೊಡುವ ಬದಲು ಹೀಗೆ ಮಾಡಿರಿ. ದಾನಿಗಳ ಹಣವನ್ನು ಕಲಿತ ಹೆಂಗಸರದೇ ಸ್ವಸಹಾಯ ಸಂಘಕ್ಕೆ ಮೂಲನಿಧಿಯಾಗಿ ಕೊಡಿ. ಸಂಘವು ಯಂತ್ರವನ್ನು ಕೊಂಡು ಸದಸ್ಯೆಗೆ ಬಡ್ಡಿಯಿಲ್ಲದ ಕಂತಿನ ಮೇಲೆ ಕೊಡಲಿ. ಕಂತು ಮರಳಿದಾಗ ಅದು ಸಭೆಗೆ ಬಾರದೆ ಮುಂದಿನ ತಂಡದ ಒಬ್ಬಳ ಯಂತ್ರವಾಗಲಿ. ಆಗ ಕೊಟ್ಟವರು ದಾನಿಗಳಲ್ಲ, ಹಿಂದಿನ ತಂಡದ ಅಕ್ಕ. ಪೌಲನು ಎಫೆಸದವರಿಗೆ ಬರೆಯುವಾಗ, ಕಳವು ಮಾಡುತ್ತಿದ್ದವನು ಇನ್ನು ಕೈಯಾರೆ ದುಡಿಯಲಿ ಎಂದು ಹೇಳಿ ಸುಮ್ಮನಾಗುವುದಿಲ್ಲ. ಕಷ್ಟದಲ್ಲಿರುವವರಿಗೆ ಕೊಡಲು ಅವನಲ್ಲಿಯೂ ಏನಾದರೂ ಇರುವಂತೆ ಎಂದು ಸೇರಿಸುತ್ತಾನೆ. ನಮ್ಮ ಕ್ರಿಸ್‌ಮಸ್ ವೇದಿಕೆಯಲ್ಲಿ ಕೊಡುವ ಸಂತೋಷವೆಲ್ಲ ನಮಗೇ ಉಳಿಯುತ್ತಿತ್ತು, ಅದನ್ನು ಅವರಿಗೂ ಬಿಟ್ಟುಕೊಡಬೇಕಲ್ಲವೇ.

ಸಾಲದ ವಿಷಯದಲ್ಲಿ ಎಚ್ಚರವಾಗಿರಿ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಪರಿಸ್ಥಿತಿ ತಿಳಿಯುತ್ತದೆ. ಈಗಾಗಲೇ ಹೊಲಿಗೆಯಿಂದ ದುಡಿಯುತ್ತಿರುವ ಐದು ಜನರಿಗೆ, ಸೆಪ್ಟೆಂಬರ್ 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದೆಂದು ತಿಳಿಸಿರಿ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು, ಮೊದಲ ಹಂತದಲ್ಲಿ ಅಡಮಾನವಿಲ್ಲದೆ ಶೇಕಡಾ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ ಅದರಲ್ಲಿವೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಅರ್ಜಿಯನ್ನು ನೀವು ತುಂಬಿಕೊಡಬೇಡಿ. ಪಕ್ಕದಲ್ಲಿ ಕುಳಿತುಕೊಂಡು ಅವರಿಂದಲೇ ತುಂಬಿಸಿರಿ.

ಆರಾಧನೆಗೆ ಬಂದವರ ತಲೆ ಎಣಿಸುವ ಕಮಿಟಿಯವರಿಗೆ ಒಂದು ವಿಷಯ. ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಎಂಬುದರ ವಿವರಣೆಯೊಳಗೆ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಉಚಿತ ಶಿಕ್ಷಣ ಎಲ್ಲವೂ ಸೇರಿದ್ದವು. ಆದರೆ ಕಾಯ್ದೆಯ ಭಯಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ತಿರುಗಿ ಬಂದವನು ಒಬ್ಬನೇ. ಬಾರದೆ ಹೋದ ಒಂಬತ್ತು ಮಂದಿಯ ರೋಗವನ್ನು ಅವರು ಮರಳಿ ಕೊಡಲಿಲ್ಲ.


ಉತ್ತರ 4
ಆರೋಗ್ಯ ಕಾರ್ಯಕರ್ತೆ, ಮಳವಳ್ಳಿ

ಎಲ್ಲರ ಮಾತನ್ನೂ ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಸ್ವಾವಲಂಬನೆಯ ಮಾತು ಜೋರಾದಲ್ಲೆಲ್ಲ, ಕೆಲಸ ಮಾಡಲೊಲ್ಲದವನು ಊಟಮಾಡಬಾರದು ಎಂಬ ಪೌಲನ ಮಾತನ್ನು ಯಾರಾದರೂ ತೆಗೆಯುತ್ತಾರೆ. ಅದು ಒಲ್ಲದವನ ಕುರಿತು ಹೇಳಿದ ಮಾತು, ಆಗದವರ ಕುರಿತಲ್ಲ. ನಾನು ಭೇಟಿ ಕೊಡುವ ಮನೆಗಳಲ್ಲಿ, ಡಯಾಲಿಸಿಸ್‌ಗೆ ಹೋಗುವ ಗಂಡನನ್ನು ವಾರಕ್ಕೆರಡು ಸಲ ಮಂಡ್ಯಕ್ಕೆ ಕರೆದೊಯ್ಯುವ ಹೆಂಗಸಿದ್ದಾಳೆ. ಅವಳಿಗೆ ಈಗ ತರಬೇತಿಯೂ ಬೇಡ, ಕಂತೂ ಬೇಡ, ಬೇಳೆ ಅಕ್ಕಿ ಬೇಕು, ಮಗುವನ್ನು ನೋಡಿಕೊಳ್ಳುವವರು ಬೇಕು. ಗಲಾತ್ಯದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ ಎಂದೂ, ಮೂರು ವಚನ ದಾಟಿದರೆ ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕು ಎಂದೂ ಇದೆ. ಮೂಲದ ಗ್ರೀಕಿನಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿವೆ ಎಂದು ನಮ್ಮ ಸಭಾಪಾಲಕರು ಹೇಳಿದ್ದರು. ಮೊದಲನೆಯದು ಸೊಂಟ ಮುರಿಯುವ ಭಾರ, ಎರಡನೆಯದು ದಾರಿಗೆ ಹೊತ್ತ ಸ್ವಂತ ಗಂಟು. ಟೀಚರ್, ಪ್ರತಿ ಮನೆಯಲ್ಲಿಯೂ ಅದು ಯಾವುದೆಂದು ನೋಡಿ ನಿರ್ಧರಿಸಿರಿ. ಅಕ್ಕಿ ಮೂಟೆ ಹೊತ್ತ ಆ ಯಂತ್ರದ ಮನೆಯಲ್ಲಿ ಏನು ನಡೆದಿದೆ ಎಂದು ಕೇಳಿದಿರಾ?


ಹೊಲಿಗೆ ಟೀಚರ್, ಮಂಡ್ಯ
(ಮೂರು ತಿಂಗಳ ನಂತರ)

ನಿಮ್ಮೆಲ್ಲರಿಗೂ ಸುದ್ದಿ ತಿಳಿಸುವುದು ನನ್ನ ಕರ್ತವ್ಯ. ಮಳವಳ್ಳಿಯ ಸಹೋದರಿ ಕೇಳಿದ ಮೇಲೆ ಆ ಮನೆಗೆ ಮತ್ತೆ ಹೋದೆ. ಆಕೆಯ ಅತ್ತೆ ಹಾಸಿಗೆ ಹಿಡಿದು ಎಂಟು ತಿಂಗಳಾಗಿದೆ, ಮೂಟೆಯ ಅಕ್ಕಿ ತವರಿನವರು ತಂದು ಹಾಕಿದ್ದು. ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಯಂತ್ರ ಬಳಸುತ್ತಿಲ್ಲ ಎಂದಷ್ಟೇ ಬರೆದುಕೊಂಡಿದ್ದೆ. ಈಗ ಸಭೆಯ ಇಬ್ಬರು ಹೆಂಗಸರು ಸರದಿಯಲ್ಲಿ ಮಧ್ಯಾಹ್ನ ಎರಡು ಗಂಟೆ ಅತ್ತೆಯ ಬಳಿ ಕೂರುತ್ತಾರೆ.

ಹೊಸ ತಂಡದಲ್ಲಿ ಏಳು ಜನರಿದ್ದಾರೆ. ಮೇಷ್ಟ್ರು ಹೇಳಿದಂತೆ ಹಿಂದಿನ ಐವರಲ್ಲಿ ಮೂವರು ಕಲಿಸುತ್ತಿದ್ದಾರೆ, ಇಬ್ಬರು ಒಪ್ಪಲಿಲ್ಲ. ಕಟಿಂಗ್ ಮೊದಲ ವಾರದಿಂದಲೇ ಹಳೆಯ ದಿನಪತ್ರಿಕೆಯ ಮೇಲೆ ನಡೆಯುತ್ತಿದೆ. ಮೊದಲ ತಿಂಗಳು ಬಹಳ ತಪ್ಪುಗಳಾದವು, ನಾನು ಎರಡು ಸಲ ತಡೆಯಲಾರದೆ ಎದ್ದು ಹೋಗಿ ಕತ್ತರಿ ತೆಗೆದುಕೊಂಡೆ, ಕಲಿಸುತ್ತಿದ್ದವಳ ಮುಖ ಬಾಡಿದ್ದನ್ನು ನೋಡಿ ವಾಪಸು ಕೊಟ್ಟೆ. ದಾರ ಮತ್ತು ಲೈನಿಂಗ್ ತರಲು ಇಬ್ಬಿಬ್ಬರಾಗಿ ಅವರೇ ಪೇಟೆಗೆ ಹೋಗುತ್ತಾರೆ. ನಾನು ಹತ್ತು ವರ್ಷದಿಂದ ಕೊಳ್ಳುತ್ತಿದ್ದ ಅಂಗಡಿಗಿಂತ ಕಡಿಮೆ ದರಕ್ಕೆ ತಂದಿದ್ದಾರೆ.

ಯಂತ್ರದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಕ್ರಿಸ್‌ಮಸ್ ವೇದಿಕೆಯ ಮೇಲೆ ಕೊಡಲೇಬೇಕೆಂದು ಒಬ್ಬ ದಾನಿಯವರ ಒತ್ತಾಯವಿದೆ. ಆದರೆ ಸಂಘ ರಚನೆಯಾಗಿದೆ, ಹನ್ನೊಂದು ಜನ ಸೇರಿದ್ದಾರೆ, ವಾರಕ್ಕೆ ಐವತ್ತು ರೂಪಾಯಿ ಉಳಿತಾಯ. ಪುಸ್ತಕ ಬರೆಯುವವಳು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಕೂಡುವುದರಲ್ಲಿ ತಪ್ಪಿದಾಗ ಉಳಿದವರು ಬೆರಳು ಮಡಚಿ ತಿದ್ದುತ್ತಾರೆ.

ಪ್ರಾರ್ಥನೆಯನ್ನು ಹತ್ತು ಗಂಟೆಗೆ ಬದಲಿಸಿದ್ದೇನೆ, ತರಗತಿ ಹತ್ತೂವರೆಗೆ. ಶ್ರೀರಂಗಪಟ್ಟಣದ ಅಕ್ಕ ಬರೆದ ಸಿಸ್ಟರ್ ಅವರಂತೆ ಒಬ್ಬೊಬ್ಬರ ಹೆಸರು ಹೇಳುತ್ತೇನೆ. ಹಳೆಯ 47 ಹೆಸರುಗಳೂ ಸೇರಿದ್ದರಿಂದ ಹೊತ್ತು ಹಿಡಿಯುತ್ತದೆ. ಕೊಠಡಿಯ ಬೀಗದ ಕೈಯನ್ನು ಹೋದ ಸೋಮವಾರ ಕಲಿಸುವ ಮೂವರಿಗೆ ಒಪ್ಪಿಸಿದೆ. ನಿನ್ನೆ ನಾನು ಹೋಗುವಷ್ಟರಲ್ಲಿ ಬಾಗಿಲು ತೆರೆದು, ಕಸ ಗುಡಿಸಿ, ಗೋಡೆಯ ಮೇಲೆ ಬ್ಲೌಸಿನ ಕೂಲಿಯ ದರಪಟ್ಟಿಯನ್ನು ಅವರೇ ಬರೆದು ಅಂಟಿಸಿದ್ದರು. ಲೈನಿಂಗ್ ಬ್ಲೌಸಿಗೆ ನಾನು ತೆಗೆದುಕೊಳ್ಳುವುದಕ್ಕಿಂತ ಮೂವತ್ತು ರೂಪಾಯಿ ಹೆಚ್ಚು ಹಾಕಿದ್ದಾರೆ. ಏಕೆಂದು ಕೇಳಿದ್ದಕ್ಕೆ, ನೀವು ಹುಕ್ಕಿನ ಕೆಲಸವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಟೀಚರ್ ಎಂದರು.